ಹಳೇ ಮನೆ ಕೆಡವದೆ ಭೂಕಂಪಕ್ಕೆ ಗಟ್ಟಿ ಮಾಡುವುದು ಹೇಗೆ? ಪರಿಸರದ ಲೆಕ್ಕ ಸಮೇತ

2021ರ ಅಕ್ಟೋಬರಿನಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದ ಸುತ್ತ ನೆಲ ಪದೇಪದೇ ನಡುಗಿತು. ಜನ ಮನೆ ಬಿಟ್ಟು ಹೊರಗೆ ಮಲಗಿದರು. ಆಗಿನಿಂದ ನನಗೆ ಒಂದೇ ಪ್ರಶ್ನೆ ಬೇರೆಬೇರೆ ರೂಪದಲ್ಲಿ ಬರುತ್ತಲೇ ಇದೆ: "ನಮ್ಮದು ಕಲ್ಲಿನ ಗೋಡೆಯ, ಮಣ್ಣಿನ ಛಾವಣಿಯ ಮಾಳಿಗೆ ಮನೆ. ಕೆಡವಿ ಆರ್‌ಸಿಸಿ ಮನೆ ಕಟ್ಟೋದೇ ಒಳ್ಳೇದಾ?" ಈಚೆಗೆ ಆ ಪ್ರಶ್ನೆಗೆ ಒಂದು ಬಾಲವೂ ಸೇರಿಕೊಂಡಿದೆ: "ಗಟ್ಟಿ ಮಾಡಿಸೋಕೂ ಸಿಮೆಂಟು, ಕಬ್ಬಿಣ ಬೇಕಲ್ವಾ? ಹಾಗಾದರೆ ಪರಿಸರಕ್ಕೆ ಯಾವುದರ ಹೊರೆ ಕಡಿಮೆ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗೋಡೆ, ಅಡಿಪಾಯ ಇನ್ನೂ ಬಾಳುವ ಹಾಗಿದ್ದರೆ ಗಟ್ಟಿ ಮಾಡಿಸುವುದೇ ಹಗುರ, ಅದೂ ಬಹಳ ಹಗುರ. ಆದರೆ ಒಂದು ಷರತ್ತು. ಬೇಕಾದ ಕಡೆ, ಬೇಕಾದಷ್ಟೇ ಮಾಡಿಸಬೇಕು. ಮನೆಗೆಲ್ಲ ಕಾಂಕ್ರೀಟಿನ ಅಂಗಿ ತೊಡಿಸಿದರೆ ಪರಿಸರದ ಲಾಭವೂ ಹೋಯಿತು, ಎಷ್ಟೋ ಸಲ ಭದ್ರತೆಯೂ ಹೋಯಿತು. ಹಂತಹಂತವಾಗಿ ನೋಡೋಣ.

ಶುರು ಮಾಡುವ ಮೊದಲು ಏನೇನು ಬೇಕು

ಒಂದು ಅಳತೆ ಟೇಪು, ಒಂದು ನೋಟ್‌ಬುಕ್ಕು, ಮೊಬೈಲ್ ಕ್ಯಾಮೆರಾ. ಮನೆ ಯಾವ ವರ್ಷ ಕಟ್ಟಿದ್ದು, ಯಾವಾಗ ಏನು ಸೇರಿಸಿದ್ದು ಅಂತ ಗೊತ್ತಿರುವ ಒಬ್ಬ ಹಿರಿಯರು. ಆಮೇಲೆ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್, ಅಂದರೆ ಕಟ್ಟಡ ಭಾರ ಹೊರುವ ಬಗೆಯನ್ನು ಲೆಕ್ಕ ಹಾಕುವವರು. ಪ್ಲಾನು ಬರೆದುಕೊಡುವವರೆಲ್ಲ ಈ ಲೆಕ್ಕ ಮಾಡುವುದಿಲ್ಲ. ಕೇಳಿಯೇ ಕರೆಯಿರಿ.

ಮುಂದೆ ಬರುವ ಅಂಕಿಗಳು ನಿಮಗೆ ಲೆಕ್ಕದ ದಾರಿ ತೋರಿಸುವುದಕ್ಕೆ. ಎಂಜಿನಿಯರಿನ ವಿನ್ಯಾಸದ ಬದಲು ಇವನ್ನೇ ಮೇಸ್ತ್ರಿಯ ಕೈಗೆ ಕೊಡಬೇಡಿ.

ಹಂತ 1: ನಿಮ್ಮ ಊರು ಯಾವ ವಲಯದಲ್ಲಿದೆ ನೋಡಿ, ಆದರೆ ಅಲ್ಲಿಗೇ ನಿಲ್ಲಬೇಡಿ

ಭಾರತೀಯ ಮಾನಕ ಐಎಸ್ 1893ರ 2016ರ ಆವೃತ್ತಿಯಲ್ಲಿ ದೇಶವನ್ನು 2ರಿಂದ 5ರವರೆಗೆ ನಾಲ್ಕು ಭೂಕಂಪ ವಲಯ ಮಾಡಿದ್ದಾರೆ. ಅಂಕಿ ಹೆಚ್ಚಿದಷ್ಟೂ ಅಪಾಯ ಹೆಚ್ಚು. ಅದರ ಪ್ರಕಾರ ಬೆಂಗಳೂರು, ಮೈಸೂರು, ಕಲಬುರಗಿ ವಲಯ 2ರಲ್ಲಿವೆ. ಮಂಗಳೂರು, ಕಾರವಾರ, ಬೆಳಗಾವಿ, ಧಾರವಾಡ, ವಿಜಯಪುರ ವಲಯ 3ರಲ್ಲಿವೆ. ಈಗ ಚಾಲ್ತಿಯಲ್ಲಿರುವ ನಕ್ಷೆ ಯಾವುದು ಎಂದು ನಿಮ್ಮ ಎಂಜಿನಿಯರನ್ನೇ ಕೇಳಿ. ಇಂಥ ನಕ್ಷೆಗಳನ್ನು ಆಗಾಗ ತಿದ್ದುತ್ತಾರೆ.

"ವಲಯ 2 ತಾನೇ, ಸುಮ್ನೆ ಯಾಕೆ ತಲೆನೋವು" ಅನ್ನುವವರಿಗೆ ಕಿಲ್ಲಾರಿಯ ವಿಷಯ ಹೇಳಬೇಕು. ನಮ್ಮ ಗಡಿಯಾಚೆ, ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಊರು ಅದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕಕ್ಕೆ ಇನ್ನೂ ಕೆಲವು ನಿಮಿಷ ಇರುವಾಗ, 6.2 ತೀವ್ರತೆಯ ಕಂಪನ ಬಂತು. ಹತ್ತಿರಹತ್ತಿರ 10,000 ಜನ ಸತ್ತರು. ಆಗಿನ ನಕ್ಷೆಯಲ್ಲಿ ಆ ಪ್ರದೇಶ ವಲಯ 1ರಲ್ಲಿತ್ತು, ಅಂದರೆ ಎಲ್ಲಕ್ಕಿಂತ ಕಡಿಮೆ ಅಪಾಯದ ಪಟ್ಟಿಯಲ್ಲಿ. ಆ ವಲಯ 1 ಎಂಬುದನ್ನೇ ಆಮೇಲೆ ನಕ್ಷೆಯಿಂದ ತೆಗೆದುಹಾಕಿದರು. ಅಲ್ಲಿ ಜನರನ್ನು ಕೊಂದದ್ದು ಬಹುಪಾಲು ಅವರವರ ಮನೆಯೇ: ಮಣ್ಣಿನಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆ, ತಲೆಯ ಮೇಲೆ ಭಾರೀ ಮಣ್ಣಿನ ಛಾವಣಿ. ಬೀದರ್, ಕಲಬುರಗಿ, ವಿಜಯಪುರದ ಹಳ್ಳಿಗಳಲ್ಲಿ ಇವತ್ತೂ ಸಾವಿರಾರು ಮನೆಗಳು ಅದೇ ಬಗೆಯವು.

ಹಾಗಾಗಿ ವಲಯದ ಜೊತೆ ಮನೆಯ ಜಾತಿಯನ್ನೂ ಬರೆದುಕೊಳ್ಳಿ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಯಾ, ಸುಣ್ಣದ ಗಾರೆಯದ್ದಾ, ಸಿಮೆಂಟಿನದ್ದಾ? ಕರಾವಳಿಯ ಮುರಕಲ್ಲಾ, ಅಂದರೆ ಕೆಂಪು ಲ್ಯಾಟರೈಟ್ ಕಲ್ಲಾ? ಮೇಲೆ ಮಣ್ಣಾ, ಹೆಂಚಾ, ಆರ್‌ಸಿಸಿಯಾ? ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ಹಂತ 2: ಮನೆ ನೋಡಿಸಿ

ಎಂಜಿನಿಯರ್ ಬರುವ ಮೊದಲು ನೀವೇ ಒಂದು ಸುತ್ತು ಬನ್ನಿ. ಮೂಲೆಗಳಲ್ಲಿ ಗೋಡೆಗಳು ಒಂದಕ್ಕೊಂದು ಬಿಟ್ಟುಕೊಂಡಿವೆಯಾ? ಗೋಡೆಯ ನಡುವೆ ಹೊಟ್ಟೆ ಉಬ್ಬಿದೆಯಾ? ಗೋಡೆಯ ಒಂದು ತುದಿಯಿಂದ ದಾರ ಎಳೆದು ಹಿಡಿದರೆ ತಕ್ಷಣ ಗೊತ್ತಾಗುತ್ತದೆ. ತೊಲೆ, ಜಂತಿಯ ತುದಿಗೆ ಗೆದ್ದಲು ಹತ್ತಿದೆಯಾ? ಗೋಡೆಯೊಳಗೆ ಹುದುಗಿದ ತುದಿಯೇ ಮೊದಲು ಹಾಳಾಗುವುದು. ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಎಲ್ಲದರ ಫೋಟೋ ತೆಗೆದಿಡಿ.

ಎಂಜಿನಿಯರರಿಗೆ ಎರಡು ಮಾನಕಗಳ ಹೆಸರು ಹೇಳಿ. ಕಲ್ಲು, ಇಟ್ಟಿಗೆ ಗೋಡೆಯ ಮನೆಗೆ ಐಎಸ್ 13935. ಕಂಬ–ತೊಲೆಯ ಆರ್‌ಸಿಸಿ ಕಟ್ಟಡಕ್ಕೆ ಐಎಸ್ 15988. ಹೆಸರು ಕೇಳಿ ಅವರ ಮುಖ ಅರಳಿದರೆ ಸರಿಯಾದ ಜನ ಸಿಕ್ಕರು ಅಂದುಕೊಳ್ಳಿ.

ಎಚ್ಚರ: ಮೊದಲ ಅಭಿಪ್ರಾಯವನ್ನು ಹೊಸ ಮನೆ ಕಟ್ಟಿಕೊಡುವ ಗುತ್ತಿಗೆದಾರರಿಂದ ತೆಗೆದುಕೊಳ್ಳಬೇಡಿ. "ಇದರಲ್ಲಿ ಏನೂ ಇಲ್ಲ ಸಾರ್, ಕೆಡವಿಬಿಡಿ" ಅನ್ನುವುದರಲ್ಲಿ ಅವರ ತಪ್ಪೇನಿಲ್ಲ, ಅದು ಅವರ ವ್ಯಾಪಾರ. ನೋಡುವವರು ಬೇರೆ, ಕಟ್ಟುವವರು ಬೇರೆ ಆಗಿರಲಿ.

ಹಂತ 3: ಇಂಗಾಲದ ಲೆಕ್ಕ ಹಾಕಿ

ಸಿಮೆಂಟು, ಕಬ್ಬಿಣ, ಇಟ್ಟಿಗೆ ತಯಾರಾಗುವಾಗಲೇ ಗಾಳಿಗೆ ಸೇರಿದ ಕಾರ್ಬನ್ ಡೈಆಕ್ಸೈಡಿನ ಲೆಕ್ಕಕ್ಕೆ 'ಹುದುಗಿದ ಇಂಗಾಲ' ಎನ್ನುತ್ತಾರೆ. ಇಲ್ಲಿ ಇಂಗಾಲ ಅಂದಾಗೆಲ್ಲ ಕಾರ್ಬನ್ ಡೈಆಕ್ಸೈಡ್ ಎಂದೇ ಓದಿಕೊಳ್ಳಿ. ನೀವು ಆ ಸಾಮಾನು ಕೊಂಡ ದಿನವೇ ಅದು ನಿಮ್ಮ ಖಾತೆಗೆ ಬರುತ್ತದೆ. ಫ್ಯಾನು, ಎಸಿ, ದೀಪದಿಂದ ವರ್ಷವರ್ಷ ಆಗುವುದು ಬೇರೆ ಖಾತೆ.

ಸಿಮೆಂಟಿನದ್ದು ಒಂದು ವಿಚಿತ್ರ ಇದೆ. ಕುಲುಮೆಗೆ ಹಾಕುವ ಕಲ್ಲಿದ್ದಲಿನ ಹೊಗೆ ಒಂದು ಭಾಗ ಅಷ್ಟೇ. ಅದಕ್ಕಿಂತ ಜಾಸ್ತಿ ಇಂಗಾಲ ಸುಣ್ಣದ ಕಲ್ಲಿನೊಳಗಿಂದಲೇ ಬರುತ್ತದೆ. 100 ಕೆ.ಜಿ. ಶುದ್ಧ ಸುಣ್ಣದ ಕಲ್ಲು ಬೆಂದರೆ 56 ಕೆ.ಜಿ. ಸುಣ್ಣ ಉಳಿಯುತ್ತದೆ, 44 ಕೆ.ಜಿ. ಕಾರ್ಬನ್ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ. ಕುಲುಮೆಯನ್ನು ಬಿಸಿಲಿನಿಂದಲೇ ಕಾಯಿಸಿದರೂ ಇದು ತಪ್ಪುವುದಿಲ್ಲ.

ಈಗ ಒಂದು ಮಾದರಿ ಲೆಕ್ಕ. 25 ಅಡಿ ಅಗಲ, 40 ಅಡಿ ಉದ್ದದ ಒಂದು ಅಂತಸ್ತಿನ ಮನೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, 10 ಅಡಿ ಎತ್ತರ. ಒಳಗೋಡೆಯೂ ಸೇರಿ ಸುಮಾರು 200 ಅಡಿ ಉದ್ದ. ಟನ್ ಸಿಮೆಂಟಿಗೆ 0.7 ಟನ್, ಟನ್ ಕಬ್ಬಿಣಕ್ಕೆ 2.5 ಟನ್ ಕಾರ್ಬನ್ ಡೈಆಕ್ಸೈಡ್ ಎಂದು ಹಿಡಿದಿದ್ದೇನೆ. ಕಾರ್ಖಾನೆಯಿಂದ ಕಾರ್ಖಾನೆಗೆ ಇದು ಸ್ವಲ್ಪ ಹೆಚ್ಚುಕಡಿಮೆ ಆಗುತ್ತದೆ.

ಕೆಡವಿ ಹೊಸದು ಕಟ್ಟಿದರೆ: 1,000 ಚದರಡಿಗೆ ನಮ್ಮ ಮೇಸ್ತ್ರಿಗಳ ಕೈಲೆಕ್ಕ ಸುಮಾರು 400 ಚೀಲ ಸಿಮೆಂಟು, 4 ಟನ್ ಕಬ್ಬಿಣ. ಸಿಮೆಂಟು 20 ಟನ್ ಆಯಿತು, ಅದರಿಂದ 14 ಟನ್ ಇಂಗಾಲ. ಕಬ್ಬಿಣದಿಂದ 10 ಟನ್. ಒಟ್ಟು 24 ಟನ್. ಇಟ್ಟಿಗೆ, ಟೈಲ್ಸು, ಗಾಜು, ಅಲ್ಯೂಮಿನಿಯಂ ಕಿಟಕಿ, ಲಾರಿಯ ಡೀಸೆಲ್ ಇದರ ಮೇಲೆ.

ಗಟ್ಟಿ ಮಾಡಿಸಿದರೆ: ಎರಡು ಮಟ್ಟದಲ್ಲಿ ಗೋಡೆಯ ಎರಡೂ ಮುಖಕ್ಕೆ ಪಟ್ಟಿ, ಮೂಲೆಗಳಿಗೆ ನಿಲುವು ಪಟ್ಟಿ, ಗೋಡೆಯ ಎರಡು ಪದರ ಹಿಡಿದಿಡುವ ಕೊಂಡಿಗಳು. ವಿವರ ಹಂತ 5ರಲ್ಲಿದೆ. ವೇಸ್ಟೇಜೂ ಸೇರಿ ಸುಮಾರು 50 ಚೀಲ ಸಿಮೆಂಟು, 350 ಕೆ.ಜಿ. ಕಬ್ಬಿಣ. ಇಂಗಾಲ 1.75 ಟನ್ ಮತ್ತು 0.875 ಟನ್. ಒಟ್ಟು 2.6 ಟನ್ ಆಸುಪಾಸು.

24 ಎಲ್ಲಿ, 2.6 ಎಲ್ಲಿ! ಟನ್ನಿನ ಲೆಕ್ಕ ಕಣ್ಣಿಗೆ ಕಟ್ಟುವುದಿಲ್ಲ ಅಂದರೆ ಅಡುಗೆ ಗ್ಯಾಸಿಗೆ ಹೋಲಿಸಿ. 14.2 ಕೆ.ಜಿ.ಯ ಒಂದು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕೆ.ಜಿ. ಕಾರ್ಬನ್ ಡೈಆಕ್ಸೈಡ್. ಗಟ್ಟಿ ಮಾಡುವ ಕೆಲಸ 62 ಸಿಲಿಂಡರಿಗೆ ಸಮ. ಹೊಸ ಮನೆಯ ಬರೀ ಸಿಮೆಂಟು, ಕಬ್ಬಿಣವೇ 570 ಸಿಲಿಂಡರ್. ವರ್ಷಕ್ಕೆ 8 ಸಿಲಿಂಡರ್ ಬಳಸುವ ಮನೆಯಾದರೆ 70 ವರ್ಷದ ಅಡುಗೆ.

ಇನ್ನು ಅವಶೇಷ. ಆ ಗೋಡೆಗಳನ್ನು ಕೆಡವಿದರೆ ಬಾಗಿಲು, ಕಿಟಕಿಯ ಜಾಗ ಕಳೆದು 150 ಟನ್ನಿನಷ್ಟು ಕಲ್ಲುಮಣ್ಣು ಬೀಳುತ್ತದೆ. 10 ಟನ್ನಿನ ಟಿಪ್ಪರಿನಲ್ಲಿ 15 ಲೋಡು. ಛಾವಣಿಯ ಮಣ್ಣು ಬೇರೆ. ಅದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಅಂತ ನಮಗೆಲ್ಲ ಗೊತ್ತು: ಊರ ಹೊರಗಿನ ಹಳ್ಳಕ್ಕೆ, ಕೆರೆಯ ಅಂಚಿಗೆ.

ಎಚ್ಚರ: ಹೊಸ ಮನೆಯಲ್ಲಿ ಸೋಲಾರ್, ಎಲ್‌ಇಡಿ ಹಾಕಿಸಿ ಈ ಇಂಗಾಲವನ್ನು ತೀರಿಸಿಬಿಡುತ್ತೇವೆ ಅನ್ನುವವರಿದ್ದಾರೆ. ಸೋಲಾರ್, ಎಲ್‌ಇಡಿಯನ್ನು ಹಳೇ ಮನೆಗೂ ಹಾಕಿಸಬಹುದು. ಅದನ್ನು ಹೊಸ ಮನೆಯ ಗೆಲುವು ಅಂತ ಬರೆದುಕೊಳ್ಳಬೇಡಿ.

ಹಂತ 4: ಏನನ್ನೂ ಸೇರಿಸುವ ಮೊದಲು ಭಾರ ಇಳಿಸಿ

ನನಗೆ ಬಹಳ ಇಷ್ಟದ ಹಂತ ಇದು. ಯಾಕೆಂದರೆ ಇದಕ್ಕೆ ಹೆಚ್ಚುಕಡಿಮೆ ಸಿಮೆಂಟೇ ಬೇಡ.

ಭೂಕಂಪ ಮನೆಯನ್ನು ಅಡ್ಡಕ್ಕೆ ಅಲ್ಲಾಡಿಸುತ್ತದೆ. ಮೇಲೆ ಭಾರ ಹೆಚ್ಚಿದ್ದಷ್ಟೂ ಗೋಡೆಯ ಮೇಲೆ ಬೀಳುವ ಎಳೆತ ಹೆಚ್ಚು. ತಲೆಯ ಮೇಲೆ ಹುಲ್ಲಿನ ಹೊರೆ ಇದ್ದಾಗ ಎಡವುವುದಕ್ಕೂ ಕಲ್ಲಿನ ಬುಟ್ಟಿ ಇದ್ದಾಗ ಎಡವುವುದಕ್ಕೂ ವ್ಯತ್ಯಾಸ ಇದೆ ಅಲ್ವಾ?

ಮಾಳಿಗೆ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಮೇಲೆ ಮಣ್ಣು ಹಾಕಿ ಮೆತ್ತುವುದು ರೂಢಿ. ಸೋರಿತು ಅಂದರೆ ಇನ್ನೊಂದು ಪದರ. ಅಜ್ಜನ ಕಾಲದಿಂದ ಹಾಕಿದ್ದೇ ಹಾಕಿದ್ದು, ತೆಗೆದವರು ಯಾರೂ ಇಲ್ಲ. ಒಂದು ಚದರಡಿ ಜಾಗದಲ್ಲಿ ಒಂದು ಅಡಿ ದಪ್ಪ ಮಣ್ಣಿದ್ದರೆ ಸುಮಾರು 45 ಕೆ.ಜಿ. 10 ಅಡಿಗೆ 12 ಅಡಿಯ ಒಂದು ಖೋಲಿಯ ಮೇಲೆ ಐದು ಟನ್ನಿಗೂ ಜಾಸ್ತಿ. ಮಳೆ ನೆನೆದರೆ ಇನ್ನೂ ಹೆಚ್ಚು. ಕೆಳಗೆ ಮಕ್ಕಳು ಮಲಗಿರುತ್ತಾರೆ.

ಕೆಲಸ ಹೀಗೆ ಮಾಡಿಸಿ. ಬೇಸಿಗೆಯಲ್ಲಿ ಶುರು ಮಾಡಿ. ಛಾವಣಿಯ ಒಂದು ಮೂಲೆಯಲ್ಲಿ ಸಣ್ಣ ಗುಂಡಿ ತೋಡಿ ದಪ್ಪ ಅಳೆಯಿರಿ. ಕೆಳಗಿನಿಂದ ಜಂತಿಗಳಿಗೆ ತಾತ್ಕಾಲಿಕ ಆಸರೆ ಕೊಡಿ. ಇಡೀ ಛಾವಣಿಯಿಂದ ಸಮನಾಗಿ, ಪದರಪದರವಾಗಿ ಮಣ್ಣು ತೆಗೆಯಿರಿ. ಒಂದೇ ಕಡೆ ಖಾಲಿ ಮಾಡಿದರೆ ಜಂತಿ ಎದ್ದು ಕೂರುತ್ತದೆ. ಸುಮಾರು 20 ಸೆಂ.ಮೀ. ಉಳಿಸಿಕೊಂಡು, ನಡುವೆ ನೀರು ಇಳಿಯದಂತೆ ದಪ್ಪ ಪಾಲಿಥೀನ್ ಹಾಳೆ ಹಾಸಿ, ನೀರು ಹರಿದುಹೋಗುವ ಇಳಿಜಾರು ಕೊಡಿ. ಇನ್ನು ಮೇಲೆ ಸೋರಿದರೆ ಮಣ್ಣು ಸೇರಿಸುವುದಿಲ್ಲ, ಹಾಳೆ ಸರಿಪಡಿಸುತ್ತೇವೆ ಅಂತ ಮನೆಯವರೆಲ್ಲ ಒಪ್ಪಿಕೊಳ್ಳಿ. ತೆಗೆದ ಮಣ್ಣು ಹೊರಗೆ ಕಳಿಸಬೇಡಿ. ಹಿತ್ತಲಿಗೆ, ಒಳಗೋಡೆಯ ಮಣ್ಣಿನ ಗಿಲಾವಿಗೆ ಬಳಸಬಹುದು.

ಎಚ್ಚರ: ಮಣ್ಣು ಪೂರ್ತಿ ತೆಗೆದು ತಗಡು ಹಾಕಿಸುವವರಿದ್ದಾರೆ. ಭೂಕಂಪದ ಲೆಕ್ಕದಲ್ಲಿ ಸರಿಯೇ. ಆದರೆ ಕಲಬುರಗಿ, ರಾಯಚೂರಿನ ಮೇ ತಿಂಗಳಲ್ಲಿ ತಗಡಿನ ಕೆಳಗೆ ಇರುವುದಕ್ಕೆ ಆಗುತ್ತದಾ? ವರ್ಷ ಕಳೆಯುವುದರೊಳಗೆ ಎಸಿ ಬರುತ್ತದೆ. ಉಳಿಸಿದ ಇಂಗಾಲ ಕರೆಂಟ್ ಬಿಲ್ಲಿನಲ್ಲಿ ವಾಪಸ್ ಬರುತ್ತದೆ. ತಂಪು ಕೊಡುವಷ್ಟು ಮಣ್ಣು ಇರಲಿ, ಕೊಲ್ಲುವಷ್ಟು ಬೇಡ.

ಮಣ್ಣಿನ ಛಾವಣಿ ಇಲ್ಲದವರೂ ಒಮ್ಮೆ ಮೇಲೆ ಹತ್ತಿ ನೋಡಿ. ಬಳಕೆಯಲ್ಲಿಲ್ಲದ ನೀರಿನ ತೊಟ್ಟಿ, ಉಳಿದ ಇಟ್ಟಿಗೆ, ಆಸರೆ ಇಲ್ಲದ ಎತ್ತರದ ಕೈಪಿಡಿ ಗೋಡೆ (ಪ್ಯಾರಾಪೆಟ್). ಇವೆಲ್ಲ ಇಳಿಯಬೇಕಾದ ಭಾರವೇ.

ಹಂತ 5: ಬಿಡಿಬಿಡಿಯಾಗಿರುವುದನ್ನು ಒಂದಕ್ಕೊಂದು ಕಟ್ಟಿ

ಹಳೇ ಕಲ್ಲಿನ ಗೋಡೆ ನೋಡುವುದಕ್ಕೆ ಒಂದೇ ಗೋಡೆ. ಒಳಗೆ ಎರಡು. ಹೊರಗೊಂದು ಪದರ, ಒಳಗೊಂದು ಪದರ, ನಡುವೆ ಚೂರುಗಲ್ಲು, ಮಣ್ಣು. ನೆಲ ಅಲ್ಲಾಡಿದಾಗ ಎರಡೂ ಬಿಟ್ಟುಕೊಂಡು ಹೊಟ್ಟೆ ಉಬ್ಬಿ ಬೀಳುತ್ತವೆ. ಒಳ್ಳೆಯ ಗೌಂಡಿಗಳು ಕಟ್ಟುವಾಗಲೇ ನಡುನಡುವೆ ಗೋಡೆಯ ಎರಡೂ ಮುಖ ಮುಟ್ಟುವ ಉದ್ದ ಕಲ್ಲು ಇಡುತ್ತಿದ್ದರು. ಥ್ರೂ ಸ್ಟೋನ್ ಎಂದು ಕರೆಯುವುದು ಅದನ್ನೇ. ಅದು ಇಲ್ಲದ ಗೋಡೆಗೆ ಈಗ ಕೃತಕವಾಗಿ ಕೊಡಬೇಕು.

ಸುಮಾರು ಒಂದು ಮೀಟರಿಗೆ ಒಂದರಂತೆ ಜಾಗ ಗುರುತು ಮಾಡಿ. ಅಲ್ಲಿ ಕಲ್ಲನ್ನು ಸಣ್ಣ ಹಾರೆಯಿಂದ ಮೆಲ್ಲಗೆ ಅಲುಗಿಸಿ ತೆಗೆಯಬೇಕು, ಸುತ್ತಿಗೆಯಿಂದ ಬಡಿಯಬಾರದು. ಆಚೆಯಿಂದ ಈಚೆಗೆ ತೂತು ಆದ ಮೇಲೆ ಎರಡೂ ತುದಿ ಬಾಗಿಸಿದ 8 ಮಿ.ಮೀ. ಸರಳನ್ನು ಇಟ್ಟು ಕಾಂಕ್ರೀಟು ತುಂಬಿ ನೀರುಣಿಸಬೇಕು. ಪಕ್ಕಪಕ್ಕದ ತೂತುಗಳನ್ನು ಒಂದೇ ದಿನ ತೆಗೆಯಬಾರದು. ತೆಗೆದದ್ದನ್ನು ತುಂಬಿ, ಗಟ್ಟಿಯಾದ ಮೇಲೆ ಪಕ್ಕದ್ದಕ್ಕೆ ಕೈ ಹಾಕಿ. ತಾಳ್ಮೆಯ ಕೆಲಸ, ಆದರೆ ಒಂದು ತೂತಿಗೆ ಕೆಲವು ಕೆ.ಜಿ. ಕಾಂಕ್ರೀಟು ಸಾಕು. ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಬಲ ಕೊಡುವ ಕೆಲಸ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಆಮೇಲೆ ಪಟ್ಟಿ, ಅಂದರೆ ಬ್ಯಾಂಡು. ರಟ್ಟಿನ ಪೆಟ್ಟಿಗೆಗೆ ಸುತ್ತ ಹಗ್ಗ ಬಿಗಿದ ಹಾಗೆ ಮನೆಗೆ ಬಿಗಿಯುವ ಪಟ್ಟಿ ಇದು. ಬಾಗಿಲು, ಕಿಟಕಿಯ ಮೇಲಿನ ಲಿಂಟಲ್ ಮಟ್ಟದಲ್ಲಿ ಒಂದು ಸುತ್ತು. ಮಣ್ಣು ಅಥವಾ ಹೆಂಚಿನ ಛಾವಣಿಯಾದರೆ ಅದರ ಕೆಳಗೆ ಇನ್ನೊಂದು. ಆರ್‌ಸಿಸಿ ಛಾವಣಿ ಸರಿಯಾಗಿ ಗೋಡೆಯ ಮೇಲೆ ಕೂತಿದ್ದರೆ ಅದೇ ಪಟ್ಟಿಯ ಕೆಲಸ ಮಾಡುತ್ತದೆ, ಎರಡನೆಯದು ಬೇಡ. ಮೂಲೆಗಳಲ್ಲಿ, ಗೋಡೆ ಕೂಡುವಲ್ಲಿ ನಿಲುವು ಪಟ್ಟಿ.

ಪಟ್ಟಿ ಬರುವಷ್ಟೇ ಅಗಲದ ಗಿಲಾವು ಕೆತ್ತಿ. ಸಂದುಗಳನ್ನು ಒಂದೂವರೆ ಸೆಂ.ಮೀ. ಆಳಕ್ಕೆ ಕೆರೆದು, ತೊಳೆದು, ಮೊದಲ ಕೋಟು ಹಾಕಿ. ಅದರ ಮೇಲೆ ಸತು ಲೇಪಿಸಿದ ವೆಲ್ಡ್ ಮೆಶ್, ಅಂದರೆ ಬೆಸೆದ ತಂತಿಯ ಜಾಲರಿ, ಕೂರಿಸಿ. ಒಳಗಿನ ಜಾಲರಿಯನ್ನೂ ಹೊರಗಿನದನ್ನೂ ಗೋಡೆಯ ಮೂಲಕ ಸರಳಿನಿಂದ ಕಟ್ಟಿ, ಎರಡನೇ ಕೋಟು ಕೊಡಿ. ಜಾಲರಿ ಜೋಡುವಲ್ಲಿ ಒಂದು ಅಡಿ ಮೇಲೆ ಮೇಲೆ ಬರಲಿ. ಎರಡು ವಾರ ನೀರುಣಿಸಿ.

ಮೂರನೆಯದು ಛಾವಣಿಯನ್ನು ಗೋಡೆಗೆ ಕಟ್ಟುವುದು. ಜಂತಿಗಳು ಗೋಡೆಯ ಮೇಲೆ ಸುಮ್ಮನೆ ಕೂತಿರುತ್ತವೆ. ಪ್ರತಿಯೊಂದನ್ನೂ ಕಬ್ಬಿಣದ ಪಟ್ಟಿಯಿಂದ ಮೇಲಿನ ಬ್ಯಾಂಡಿಗೆ ಬಿಗಿಯಬೇಕು. ಮರದ ಕಂಬ–ತೊಲೆಯ ಅಂಕಣದ ಮನೆಯಾದರೆ ಕಂಬ ಮತ್ತು ತೊಲೆ ಕೂಡುವಲ್ಲಿ ಎರಡೂ ಪಕ್ಕ ಓರೆ ಮರದ ಆಸರೆ ಕೊಡಿ. ಹಳೇ ಬಾಗಿಲಿನ ಮರ ಇದ್ದರೆ ಅದೇ ಸಾಕು.

ಕರಾವಳಿಯ ಹೆಂಚಿನ ಮನೆಗಳಿಗೆ ಭಾರದ ತೊಂದರೆ ಅಷ್ಟಿಲ್ಲ. ಅಲ್ಲಿ ದುರ್ಬಲ ಜಾಗ ಎಂದರೆ ಮಾಡಿನ (ಇಳಿಜಾರು ಛಾವಣಿಯ) ಎರಡು ತುದಿಯ ತ್ರಿಕೋನದ ಗೋಡೆ. ಅದು ಹೊರಕ್ಕೆ ಬೀಳುತ್ತದೆ. ಅದಕ್ಕೊಂದು ಪಟ್ಟಿ ಹಾಕಿ, ಮಾಡಿನ ಮರಕ್ಕೆ ಕಟ್ಟಿ. ಪಕ್ಕಾಸುಗಳ, ಅಂದರೆ ಮಾಡಿನ ಇಳಿಜಾರು ಮರಗಳ, ಕೆಳಗೆ ಓರೆಪಟ್ಟಿ ಹೊಡೆಯಿರಿ. ಹೆಂಚು ತೆಗೆದು ಸ್ಲ್ಯಾಬು ಹಾಕಿಸುವ ಮಾತೇ ಬೇಡ. ಹಳೇ ಮುರಕಲ್ಲಿನ ಗೋಡೆಯ ಮೇಲೆ ಹೊಸದಾಗಿ ಟನ್ನುಗಟ್ಟಲೆ ಭಾರ ಹೇರಿದ ಹಾಗಾಗುತ್ತದೆ.

ಎಚ್ಚರ: "ಹೇಗೂ ಕೆಲಸ ಶುರುವಾಗಿದೆ, ಇಡೀ ಗೋಡೆಗೇ ಮೆಶ್ ಹೊಡೆದು ಸಿಮೆಂಟು ಬಳಿದುಬಿಡೋಣ" ಎಂಬ ಮಾತು ಬಂದೇ ಬರುತ್ತದೆ. ಖರ್ಚು, ಇಂಗಾಲ ಎರಡೂ ಎರಡು ಮೂರು ಪಟ್ಟು ಏರುತ್ತವೆ. ಮಣ್ಣಿನ ಗೋಡೆಯ ತೇವ ಹೊರಗೆ ಹೋಗಲಾರದೆ ಒಳಗೇ ಕೊಳೆಯುತ್ತದೆ. ಪಟ್ಟಿಗೆ ಮಾತ್ರ ಸಿಮೆಂಟು, ಉಳಿದ ಜಾಗಕ್ಕೆ ಮೊದಲಿದ್ದ ಗಾರೆ ಅಥವಾ ಮಣ್ಣಿನ ಗಿಲಾವು.

ಹಂತ 6: ಸಾಮಾನು ಆರಿಸುವಾಗ

ಸಿಮೆಂಟು ಅಂಗಡಿಯಲ್ಲಿ ಚೀಲದ ಮೇಲೆ ಏನು ಬರೆದಿದೆ ನೋಡಿ. ಪಿಪಿಸಿ ಎಂದು ಬರೆದ ಸಿಮೆಂಟಿನಲ್ಲಿ 15ರಿಂದ 35 ಶೇಕಡಾ ಹಾರುಬೂದಿ ಇರುತ್ತದೆ, ಅಂದರೆ ಕಲ್ಲಿದ್ದಲು ಸುಟ್ಟ ಸ್ಥಾವರದ ಬೂದಿ. ಪಿಎಸ್‌ಸಿಯಲ್ಲಿ ಉಕ್ಕಿನ ಕುಲುಮೆಯ ಕಿಟ್ಟ 25ರಿಂದ 70 ಶೇಕಡಾ. ಅಷ್ಟರಮಟ್ಟಿಗೆ ಸುಟ್ಟ ಸುಣ್ಣದ ಕಲ್ಲು ಕಡಿಮೆ. ಪಟ್ಟಿಯ ಕೆಲಸಕ್ಕೆ ಪಿಪಿಸಿ ಧಾರಾಳವಾಗಿ ಸಾಕು, ನೀರುಣಿಸುವುದರಲ್ಲಿ ಮಾತ್ರ ಸೋಮಾರಿತನ ಬೇಡ.

ಗಾರೆಗೆ ಬೇಕಾದ ಸುಣ್ಣ ಸುಡುವಾಗಲೂ ಇಂಗಾಲ ಹೊರಬರುತ್ತದೆ. ಆದರೆ ಗೋಡೆಯ ಮೇಲೆ ಒಣಗುತ್ತಾ ಗಾಳಿಯಿಂದ ಅದರಲ್ಲಿ ಒಂದಷ್ಟನ್ನು ವಾಪಸ್ ಹೀರಿಕೊಳ್ಳುತ್ತದೆ. ಹಳೇ ಗಾರೆಯ ಗೋಡೆಯ ಬಿರುಕಿಗೆ ಸುಣ್ಣದ ಗಾರೆಯೇ ಹೊಂದುತ್ತದೆ.

ಕಾರ್ಬನ್ ಫೈಬರ್ ಸುತ್ತುವ ವಿಧಾನದ ಜಾಹೀರಾತು ಈಗ ಜಾಸ್ತಿ. ಆರ್‌ಸಿಸಿ ಕಂಬಕ್ಕೆ ಒಳ್ಳೆಯದೇ, ತೂಕವೂ ಕಡಿಮೆ. ಕೆ.ಜಿ. ಲೆಕ್ಕದಲ್ಲಿ ಇಂಗಾಲ ಉಕ್ಕಿಗಿಂತ ಬಹಳ ಹೆಚ್ಚು, ಆದರೆ ಬೇಕಾಗುವುದು ಕೆಲವೇ ಕೆ.ಜಿ. ಅಂಟಿಗೆ ಎಪಾಕ್ಸಿ ಬೇಕು, ಅದು ಬೆಂಕಿಗೆ ಬಾಳುವುದಿಲ್ಲ, ಮುಂದೆ ಮರುಬಳಕೆಯೂ ಕಷ್ಟ. ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗೆ ಇದನ್ನು ಯಾರಾದರೂ ಹೇಳಿದರೆ ಬಾಗಿಲು ತೋರಿಸಿ.

ಇನ್ನೊಂದು ತುದಿಯಲ್ಲಿ ಪಿಪಿ ಬ್ಯಾಂಡ್ ಇದೆ. ಫ್ರಿಜ್ಜು, ಟಿವಿಯ ಪೆಟ್ಟಿಗೆಗೆ ಬಿಗಿದಿರುತ್ತಾರಲ್ಲ, ಅದೇ ಪ್ಲಾಸ್ಟಿಕ್ ಪಟ್ಟಿ. ಟೋಕಿಯೊ ವಿಶ್ವವಿದ್ಯಾಲಯದ ಸಂಶೋಧಕರು ಅದನ್ನು ಬಲೆಯ ಹಾಗೆ ಹೆಣೆದು ಗೋಡೆಯ ಎರಡೂ ಕಡೆ ಹೊದಿಸಿ, ನಡುವೆ ತಂತಿಯಿಂದ ಕಟ್ಟುವ ವಿಧಾನ ಬೆಳೆಸಿದರು. ನೇಪಾಳ, ಪಾಕಿಸ್ತಾನದಲ್ಲಿ ಮಾಡಿ ತೋರಿಸಿದ್ದಾರೆ. ಗೋಡೆ ಬಿರುಕು ಬಿಟ್ಟರೂ ಚೂರುಚೂರಾಗಿ ಮೈಮೇಲೆ ಬೀಳುವುದಿಲ್ಲ, ಅಷ್ಟರಲ್ಲಿ ಹೊರಗೆ ಓಡಬಹುದು. ಬಿಸಿಲಿಗೆ ಪ್ಲಾಸ್ಟಿಕ್ ಹಾಳಾಗುವುದರಿಂದ ಮೇಲೆ ಮಣ್ಣಿನ ಗಿಲಾವು ಬೇಕೇ ಬೇಕು. ನಮ್ಮ ಕಡೆ ಮಾಡಿ ಅನುಭವ ಇರುವವರು ಅಪರೂಪ. ಎಂಜಿನಿಯರ್ ಒಪ್ಪಿದರೆ ಮಾತ್ರ ಕೈ ಹಾಕಿ.

ಕರಾವಳಿಯವರಿಗೆ ಒಂದು ಮಾತು: ಉಪ್ಪುನೀರು ಮುಟ್ಟಿದ ಮರಳು ಜಾಲರಿಯ ಹತ್ತಿರ ಸುಳಿಯಬಾರದು. ಕೆಲವೇ ವರ್ಷದಲ್ಲಿ ತುಕ್ಕು ಹಿಡಿದು ಪಟ್ಟಿ ಸಿಡಿಯುತ್ತದೆ. ಹಾಕಿದ ಸಿಮೆಂಟು, ಕಬ್ಬಿಣ ಎಲ್ಲ ದಂಡ, ಮತ್ತೆ ಮೊದಲಿಂದ.

ಹಂತ 7: ಕೆಲಸಕ್ಕೆ ಸರಿಯಾದ ಹೊತ್ತು, ಅವಶೇಷ, ದೂಳು

ಇದನ್ನೊಂದು ಬೇರೆ ಕೆಲಸ ಅಂತ ಮಾಡಿಸಬೇಡಿ. ಗಿಲಾವು ಮಾಡಿಸುವಾಗ, ವೈರಿಂಗ್ ಬದಲಿಸುವಾಗ, ಛಾವಣಿ ರಿಪೇರಿಯಾಗುವಾಗ ಸೇರಿಸಿಕೊಳ್ಳಿ. ಹೇಗೂ ಗೋಡೆ ಕೆತ್ತುತ್ತೀರಿ. ಎರಡು ಸಲ ಕೆತ್ತಿ ಎರಡು ಸಲ ಬಳಿಯುವುದು ಉಳಿಯುತ್ತದೆ.

ತೆಗೆದ ಕಲ್ಲು, ಮರ, ಕಬ್ಬಿಣ, ಗಿಲಾವಿನ ಪುಡಿ ಮೊದಲ ದಿನದಿಂದಲೇ ಬೇರೆಬೇರೆ ಗುಡ್ಡೆಯಾಗಲಿ. ಒಮ್ಮೆ ಬೆರೆತರೆ ಯಾವುದಕ್ಕೂ ಬಾರದು. ಕಲ್ಲು ಕೊರೆಯುವಾಗ ಏಳುವ ದೂಳು ಶ್ವಾಸಕೋಶಕ್ಕೆ ವಿಷ. ನೀರು ಚಿಮುಕಿಸಿ ಕೊರೆಯಲಿ, ಕೆಲಸಗಾರರಿಗೆ ಸರಿಯಾದ ಮಾಸ್ಕು ಕೊಡಿ. ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಸಾಲದು. ಹಳೇ ಸಿಮೆಂಟ್ ಶೀಟು ಇದ್ದರೆ ಅದರಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಡೆಯದೆ, ನೆನೆಸಿ, ಇಡಿಯಾಗಿ ಇಳಿಸಿ.

ಅಪಾರ್ಟ್‌ಮೆಂಟಿನವರಿಗೆ

ಕೆಳಗೆ ಬರೀ ಕಂಬಗಳ ಮೇಲೆ ಕಾರು ನಿಲ್ಲಿಸುವ ಜಾಗ, ಮೇಲೆ ಗೋಡೆ ತುಂಬಿದ ಮಹಡಿಗಳು. ಇದನ್ನು ಮೆತ್ತನೆ ಅಂತಸ್ತು ಎನ್ನುತ್ತಾರೆ. ಮೇಲಿನದು ಗಟ್ಟಿ ಪೆಟ್ಟಿಗೆ, ಕೆಳಗಿನದು ಬಡಕಲು ಕಾಲು. 2001ರ ಜನವರಿ 26ರ ಭುಜ್ ಭೂಕಂಪದಲ್ಲಿ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಇಂಥ ಕಟ್ಟಡಗಳು ಕುಸಿದವು.

ಪರಿಸರದ ಲೆಕ್ಕದಲ್ಲಿ ನೋಡಿದರೆ ಇದು ಒಳ್ಳೆಯ ಸುದ್ದಿಯೇ. ದುರ್ಬಲವಾಗಿರುವುದು ಒಂದು ಅಂತಸ್ತು ಮಾತ್ರ. ಕಾರಿಗೆ ಅಡ್ಡಿಯಾಗದ ಕಡೆ ಆರ್‌ಸಿಸಿ ಗೋಡೆ, ಉಕ್ಕಿನ ಓರೆ ಆಸರೆ, ಆಯ್ದ ಕಂಬಗಳಿಗೆ ಹೊಸ ಸರಳು–ಕಾಂಕ್ರೀಟಿನ ಕವಚ. ಮೇಲಿನ ನಾಲ್ಕೈದು ಮಹಡಿ ಮುಟ್ಟುವ ಹಾಗೇ ಇಲ್ಲ. ಆದರೆ ಒಂದು ಕಡೆ ಮಾತ್ರ ಗೋಡೆ ತುಂಬಿಸಿದರೆ ಕಟ್ಟಡ ತಿರುಚಿಕೊಳ್ಳುತ್ತದೆ. ಕಮಿಟಿಯಲ್ಲಿ ಯಾರ ಪಾರ್ಕಿಂಗ್ ಹೋಗುತ್ತದೆ ಎಂಬ ಜಗಳದ ಮೇಲೆ ಗೋಡೆಯ ಜಾಗ ತೀರ್ಮಾನ ಆಗಬಾರದು. ಅದು ಎಂಜಿನಿಯರಿನ ಲೆಕ್ಕದಿಂದಲೇ ಬರಬೇಕು.

ಕೆಡವುವುದೇ ಸರಿ ಅನ್ನಿಸುವುದು ಯಾವಾಗ?

ಎರೆಮಣ್ಣಿನಲ್ಲಿ ಅಡಿಪಾಯ ಇನ್ನೂ ಏರುತ್ತಾ ಇಳಿಯುತ್ತಾ ಇದ್ದರೆ, ಗೋಡೆ ಉದ್ದಕ್ಕೂ ಉಬ್ಬಿದ್ದರೆ, ತೊಲೆಗಳೆಲ್ಲ ಟೊಳ್ಳಾಗಿದ್ದರೆ, ಎಂಜಿನಿಯರ್ ಬರೆದುಕೊಟ್ಟ ಸಾಮಾನಿನ ಪಟ್ಟಿ ಹೊಸ ಮನೆಯದ್ದರ ಅರ್ಧ ದಾಟಿದರೆ ನಾನೂ ಕೆಡವಿ ಅನ್ನುತ್ತೇನೆ. ಪರಿಸರಕ್ಕಾಗಿ ಜೀವ ಪಣಕ್ಕಿಡಬೇಕಾಗಿಲ್ಲ. ಆಗಲೂ ಜೆಸಿಬಿ ತರಿಸಿ ಒಂದೇ ದಿನಕ್ಕೆ ಮುಗಿಸಬೇಡಿ. ಕೈಯಿಂದ ಬಿಚ್ಚಿಸಿ. ಕಲ್ಲು ಹೊಸ ಅಡಿಪಾಯಕ್ಕೆ, ತೇಗದ ತೊಲೆ ಬಾಗಿಲ ಚೌಕಟ್ಟಿಗೆ, ಹೆಂಚು ದನದ ಕೊಟ್ಟಿಗೆಗೆ. ಹೊಸ ಗೋಡೆಗೆ ಲಿಂಟಲ್ ಮಟ್ಟದ ಬ್ಯಾಂಡನ್ನು ಕಟ್ಟುವಾಗಲೇ ಹಾಕಿಸಿ. ಕಟ್ಟಿದ ಮೇಲೆ ಹಾಕಿಸುವುದಕ್ಕಿಂತ ಎಷ್ಟೋ ಕಡಿಮೆ ಸಾಮಾನಿನಲ್ಲಿ ಆಗುತ್ತದೆ.

ಹಂತ 8: ಬರೆದಿಡಿ

ಎರಡನೇ ಕೋಟು ಬಳಿಯುವ ಮೊದಲು ಜಾಲರಿ ಕಾಣುವಾಗಲೇ ಪ್ರತಿ ಗೋಡೆಯ ಫೋಟೋ ತೆಗೆಯಿರಿ. ನೆಲದಿಂದ ಪಟ್ಟಿ ಎಷ್ಟು ಎತ್ತರದಲ್ಲಿದೆ, ಕೊಂಡಿಗಳು ಎಲ್ಲೆಲ್ಲಿವೆ ಅಂತ ಕೈಯಲ್ಲೇ ಒಂದು ನಕ್ಷೆ ಬರೆದು ಮನೆಯ ಕಾಗದಪತ್ರದ ಜೊತೆ ಇಡಿ. ಒಂದು ಪ್ರತಿಯನ್ನು ಮೀಟರ್ ಬೋರ್ಡಿನ ಬಾಗಿಲ ಒಳಗೆ ಅಂಟಿಸಿ. ಮುಂದೊಂದು ದಿನ ಎಸಿ ಪೈಪಿಗೋ, ಗೀಸರ್ ಲೈನಿಗೋ ತೂತು ಹೊಡೆಯಲು ಹುಡುಗ ಡ್ರಿಲ್ ಹಿಡಿದು ಬರುತ್ತಾನೆ. ಅವನು ಸರಿಯಾಗಿ ಲಿಂಟಲ್ ಮೇಲೇ ಕೊರೆಯುವುದು.